ಮದ್ದು ಕುಡಿಯುವ ಮುಂಜಾವು

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ಸಾಗಿದರೆ ಖಾನಾಪುರ. ಅಲ್ಲಿಂದ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಗೆ ತಿರುಗಿದಂತೆ ಸಹ್ಯಾದ್ರಿಯ ಕಾಡು ದಟ್ಟವಾಗುತ್ತದೆ. ಈ ಸಹ್ಯಾದ್ರಿಯ ಎಲೆಯುದುರುವ ಕಾಡುಗಳಲ್ಲಿ ಮುಳ್ಳಿನ ಸಣ್ಣ ಮರವೊಂದು ಬೆಳೆಯುತ್ತದೆ. ಅದರ ಹಳದಿಗಾಯಿಯನ್ನು ಹಕ್ಕಿಪಕ್ಷಿಗಳಲ್ಲದೆ ನಾಡವರಾರೂ ಬಯಸುವುದಿಲ್ಲ. ಅರೆದು ನೀರಿಗೆ ಹಾಕಿದರೆ ಮೀನುಗಳಿಗೆ ಮಂಕು ಕವಿಯುತ್ತದೆ. ಹಳ್ಳಿಗರು ಇದನ್ನು ಮಗ್ಗಾರೆ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಮದನಫಲವೆಂಬ ಸುಂದರವಾದ ಹೆಸರು. ವಾಂತಿ ಮಾಡಿಸುವ ದ್ರವ್ಯಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ಚರಕಸಂಹಿತೆ ಸಾರುತ್ತದೆ.

ವಾಂತಿಯೆಂದೊಡನೆ ಮುಖ ಸಿಂಡರಿಸುವವರೇ ಹೆಚ್ಚು. ಆದರೆ ಆಯುರ್ವೇದದ ಪಂಚಕರ್ಮಗಳಲ್ಲಿ ಮೊದಲನೆಯದಾದ ವಮನವು ಕೇವಲ ವಾಂತಿಯಲ್ಲ. ಹಲವು ದಿನಗಳ ವ್ರತದಂತೆ ನಡೆಯುವ ಒಂದು ವಿಧಿ. ಬೆಳಗಾವಿಯ ಶಹಾಪುರದಲ್ಲಿ 1933ರಲ್ಲಿ ಸ್ಥಾಪಿತವಾಗಿ, ಇಂದು ಕೆ.ಎಲ್.ಇ. ಸಂಸ್ಥೆಯ ಆಶ್ರಯದಲ್ಲಿರುವ ಶ್ರೀ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಂತಹ ಕಡೆಗಳಲ್ಲಿ ಈ ಪ್ರಾಚೀನ ಕರ್ಮವು ಇಂದಿಗೂ ಪಾಠವಾಗಿಯೂ ಚಿಕಿತ್ಸೆಯಾಗಿಯೂ ಉಳಿದುಬಂದಿದೆ.

ಸಿದ್ಧತೆ ಮೊದಲಾಗುವುದು ರೋಗಿಯಿಂದಲ್ಲ, ಕಾಯಿಯಿಂದ. ವಸಂತ ಗ್ರೀಷ್ಮಗಳ ನಡುವೆ, ಪುಷ್ಯ, ಅಶ್ವಿನಿ ಅಥವಾ ಮೃಗಶಿರಾ ನಕ್ಷತ್ರದಂದು, ಹಸಿರಾಗಿಯೂ ಇರದ ಕೊಳೆತೂ ಇರದ ಹಣ್ಣುಗಳನ್ನು ಆರಿಸಬೇಕು. ದರ್ಭೆಯಲ್ಲಿ ಸುತ್ತಿ, ಸಗಣಿ ಬಳಿದು, ಧಾನ್ಯದ ರಾಶಿಯಲ್ಲಿ ಎಂಟು ರಾತ್ರಿ ಹೂಳಬೇಕು. ಮೆತ್ತಗಾಗಿ ಜೇನಿನ ಕಂಪು ಬಂದಾಗ ತೆಗೆದು ಒಣಗಿಸಿ, ಬೀಜಗಳನ್ನು ತುಪ್ಪ, ಮೊಸರು, ಜೇನು, ಎಳ್ಳಿನ ಹಿಟ್ಟುಗಳಲ್ಲಿ ಉಜ್ಜಿ, ಮತ್ತೆ ಒಣಗಿಸಿ ಹೊಸ ಕುಡಿಕೆಯಲ್ಲಿ ಇಡಬೇಕು. ಈ ಒಂದು ಕಾಯಿಯಿಂದಲೇ 133 ಯೋಗಗಳನ್ನು ಚರಕರು ಹೇಳಿದ್ದಾರೆಂದರೆ ಅದರ ಹಿರಿಮೆ ತಿಳಿದೀತು.

ಇನ್ನು ರೋಗಿಯ ಸರದಿ. ಕಫವು ಕರಗುವ ವಸಂತಕಾಲ ಇದಕ್ಕೆ ಪ್ರಶಸ್ತ. ಮೂರರಿಂದ ಏಳು ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಔಷಧಿಯ ತುಪ್ಪ ಕುಡಿಯಬೇಕು. ಸಾಮಾನ್ಯವಾಗಿ 30 ಮಿಲಿಲೀಟರಿನಷ್ಟರಿಂದ ಆರಂಭಿಸಿ ದಿನದಿನಕ್ಕೆ ಪ್ರಮಾಣವನ್ನು ಏರಿಸುತ್ತಾರೆ. ಹೋಳಿಗೆಯ ಮೇಲಿನ ತುಪ್ಪವನ್ನು ಬೇಡವೆನ್ನದವರೂ ನಾಲ್ಕನೆಯ ದಿನಕ್ಕೆ ಬಟ್ಟಲನ್ನು ಕಂಡರೆ ಮುಖ ತಿರುಗಿಸುತ್ತಾರೆ. ತುಪ್ಪದ ಮೇಲಿನ ಈ ಜುಗುಪ್ಸೆಯೇ, ಚರ್ಮದ ಮೃದುತ್ವದೊಡನೆ, ದೇಹ ಸ್ನಿಗ್ಧವಾಯಿತೆಂಬುದಕ್ಕೆ ಒಂದು ಲಕ್ಷಣ. ಬಳಿಕ ಒಂದು ದಿನ ಎಣ್ಣೆಯ ಅಭ್ಯಂಗ, ಬೆವರಿಳಿಸುವ ಉಪಚಾರ. ಅಂದಿನ ಊಟದಲ್ಲಿ ಹಾಲು, ಮೊಸರು, ಉದ್ದು, ಎಳ್ಳು! ಇತರ ದಿನಗಳಲ್ಲಿ ವೈದ್ಯರು ಬೇಡವೆನ್ನುವುದನ್ನೇ ಅಂದು ಬೇಕೆನ್ನುತ್ತಾರೆ. ಹೊರಹಾಕಬೇಕಾದ ಕಫವು ಕದಲಿ ನಿಲ್ಲಲೆಂಬುದೇ ಅದರ ಉದ್ದೇಶ.

ಮರುದಿನ ಬೆಳಿಗ್ಗೆ ರೋಗಿಯು ಮೊಣಕಾಲೆತ್ತರದ ಪೀಠದಲ್ಲಿ ಕುಳಿತುಕೊಳ್ಳುತ್ತಾನೆ. ಕಂಠಪೂರ್ತಿ ಹಾಲನ್ನೋ ಗಂಜಿಯನ್ನೋ ಕುಡಿದ ಮೇಲೆ, ಜೇನು ಸೈಂಧವ ಲವಣ ಬೆರೆಸಿದ ಮದನಫಲವನ್ನು ವೈದ್ಯರು ಕೊಡುತ್ತಾರೆ. ಹಿಂದೆ ಇದಕ್ಕೆ ಮುನ್ನ ಸ್ವಸ್ತಿವಾಚನ ನಡೆಯುತ್ತಿತ್ತು. ಈ ಮದ್ದು ಋಷಿಗಳಿಗೆ ರಸಾಯನದಂತೆ, ದೇವತೆಗಳಿಗೆ ಅಮೃತದಂತೆ ನಿನಗಾಗಲಿ ಎಂಬರ್ಥದ ಮಂತ್ರದಿಂದ ಔಷಧವನ್ನು ಅಭಿಮಂತ್ರಿಸಬೇಕೆಂದು ಗ್ರಂಥದಲ್ಲಿದೆ. ಬಳಿಕ ಒಂದು ಮುಹೂರ್ತ, ಅಂದರೆ 48 ನಿಮಿಷ, ಕಾಯುವುದು. ಬೆವರು ಮೂಡಿದರೆ ದೋಷ ಕರಗಿತು, ರೋಮಾಂಚವಾದರೆ ಚಲಿಸಿತು, ಹೊಟ್ಟೆ ಉಬ್ಬಿದರೆ ಕೋಷ್ಠಕ್ಕೆ ಬಂತು, ಬಾಯಲ್ಲಿ ನೀರೂರಿದರೆ ಮೇಲೇರಿತು ಎಂಬುದು ಶಾಸ್ತ್ರದ ಲೆಕ್ಕ. ಮುಂದಿನದು ಸಹಾಯಕರ ಕೆಲಸ. ಒಬ್ಬರು ಹಣೆಯನ್ನು ಆತುಕೊಳ್ಳುತ್ತಾರೆ, ಇನ್ನೊಬ್ಬರು ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ನೀವುತ್ತಾರೆ, ಮತ್ತೊಬ್ಬರು ಬಂದ ವೇಗಗಳನ್ನು ಎಣಿಸುತ್ತಾರೆ. ಎಂಟಾದರೆ ಉತ್ತಮ, ಆರು ಮಧ್ಯಮ, ನಾಲ್ಕು ಕನಿಷ್ಠ. ಕೊನೆಗೆ ಪಿತ್ತ ಕಾಣಿಸಿಕೊಂಡರೆ ಕರ್ಮ ಮುಗಿಯಿತು. ಇಂದಿನ ವೈದ್ಯರು ಇದರೊಂದಿಗೆ ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುತ್ತಲೇ ಇರುತ್ತಾರೆ.

ಅಷ್ಟಕ್ಕೇ ಊಟದೆಲೆಯ ಮುಂದೆ ಕೂಡುವಂತಿಲ್ಲ. ಮೊದಲು ತೆಳುಗಂಜಿ, ಆಮೇಲೆ ಗಟ್ಟಿಗಂಜಿ, ಬಳಿಕ ಬೇಳೆಯ ಕಟ್ಟು, ಹೀಗೆ ಶುದ್ಧಿಯ ಮಟ್ಟಕ್ಕೆ ತಕ್ಕಂತೆ ಏಳು ದಿನಗಳವರೆಗೂ ಪಥ್ಯ ಸಾಗುತ್ತದೆ. ಕಿಡಿಯಷ್ಟಾಗಿರುವ ಜಠರಾಗ್ನಿಯ ಮೇಲೆ ಮಣಭಾರದ ಸೌದೆ ಹೇರಬಾರದಲ್ಲವೆ?

ದೂರದ ಅಮೆಜಾನ್ ಕಾಡಿನವರಲ್ಲಿಯೂ ಗಿಡದ ಕಷಾಯ ಕುಡಿದು ವಾಂತಿ ಮಾಡಿಕೊಂಡು ಶುದ್ಧರಾಗುವ ವಿಧಿಯಿದೆ. ಅವರ ಆಯಾವಾಸ್ಕ ಬಳ್ಳಿಯ ಪಾನಕ್ಕೂ ಮುಂಚಿತವಾಗಿ ಪಥ್ಯ, ಮಾರ್ಗದರ್ಶಕನ ಸನ್ನಿಧಿ ಉಂಟು. ಆದರೆ ಆ ಪಾನವು ಮನಸ್ಸಿಗೆ ಭ್ರಾಂತಿದರ್ಶನಗಳನ್ನು ತರುತ್ತದೆ. ಅದರಲ್ಲಿರುವ ಡೈಮಿಥೈಲ್‌ಟ್ರಿಪ್ಟಮೀನ್ ನಮ್ಮ ದೇಶದ 1985ರ ಮಾದಕದ್ರವ್ಯ ಕಾಯಿದೆಯಡಿ ನಿಷಿದ್ಧ. ಮದನಫಲದಲ್ಲಿ ಅಂಥ ಅಮಲಿಲ್ಲ. ಇಲ್ಲಿ ರೋಗಿಯು ಕಡೆಯವರೆಗೂ ಎಚ್ಚರವಾಗಿಯೇ ಇರಬೇಕು.

ಹಾಗೆಂದು ಇದು ನಿರಪಾಯವೆಂದಲ್ಲ. ವಮನ ವಿರೇಚನಗಳು ತಪ್ಪಿದರೆ ಒದಗುವ ಹತ್ತು ತೊಡಕುಗಳನ್ನು ಚರಕರೇ ಎಣಿಸಿದ್ದಾರೆ. ಗರ್ಭಿಣಿಯರಿಗೆ, ಮಕ್ಕಳಿಗೆ, ವೃದ್ಧರಿಗೆ, ದುರ್ಬಲರಿಗೆ, ಹೃದ್ರೋಗಿಗಳಿಗೆ ಇದು ವರ್ಜ್ಯ. ದೇಹದ ನೀರೂ ಲವಣಗಳೂ ಹಠಾತ್ತನೆ ತಗ್ಗಿದರೆ ಹೃದಯದ ಬಡಿತವೇ ತಪ್ಪಬಹುದೆಂದು ಇಂದಿನ ವೈದ್ಯವಿಜ್ಞಾನ ಎಚ್ಚರಿಸುತ್ತದೆ. ಉಬ್ಬಸಕ್ಕೂ ಚರ್ಮರೋಗಗಳಿಗೂ ವಮನವನ್ನು ಶಾಸ್ತ್ರವು ವಿಧಿಸಿದೆಯಾದರೂ, ಹೊಸ ಕಾಲದ ಪರೀಕ್ಷೆಗಳು ಬಹುಮಟ್ಟಿಗೆ ಸಣ್ಣವೇ ಆಗಿವೆ. ಆದುದರಿಂದ ಉಬ್ಬಸದವರು ನಿತ್ಯದ ಔಷಧವನ್ನು ತಾವಾಗಿ ನಿಲ್ಲಿಸಿ, ಗ್ರಂಥಿಗೆ ಅಂಗಡಿಯಿಂದ ಕಾಯಿ ತಂದು ಮನೆಯಲ್ಲೇ ಪ್ರಯೋಗ ಮಾಡುವುದು ಸಾಹಸವಲ್ಲ, ಅವಿವೇಕ.

ಪರೀಕ್ಷೆಯ ಕೆಲಸಕ್ಕೂ ಬೆಳಗಾವಿಯಲ್ಲಿ ನೆಲೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಲ್ಲಿ ಇಲ್ಲಿ ತೆರೆದ ಕೇಂದ್ರವು ಇಂದು ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಾಗಿದೆ. ಅತ್ತ ಖಾನಾಪುರದ ಭೀಮಗಡ ಅರಣ್ಯವು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಮನಬಂದಂತೆ ಬೇರು ಕಾಯಿ ಕೀಳುವಂತಿಲ್ಲ. ಕಾಡು ಉಳಿದರೆ ಮದ್ದು, ಮದ್ದನ್ನು ಒರೆಗೆ ಹಚ್ಚಿದರೆ ನಂಬಿಕೆ.

ಚರಕರು ಇದೇ ಪ್ರಸಂಗದಲ್ಲಿ ರಾಜರಿಗೂ ಶ್ರೀಮಂತರಿಗೂ ತಕ್ಕ ಚಿಕಿತ್ಸಾಗೃಹವನ್ನು ವರ್ಣಿಸಿದ್ದಾರೆ. ಗಾಳಿಬೆಳಕಿನ ಕಟ್ಟಡ, ಅಡುಗೆಯವರು, ಪರಿಚಾರಕರು, ಹಾಡುವವರು, ಹಾಲು ಕರೆಯುವ ಹಸು, ಎಲ್ಲವೂ ಅಲ್ಲಿರಬೇಕು. ಕೊನೆಗೆ ಮಾತ್ರ, ಬಡವನಿಗೆ ಇವೆಲ್ಲ ಒದಗಲಾರವು, ಆದರೆ ರೋಗಗಳು ಬಡವನನ್ನು ಬಿಡುವುದಿಲ್ಲ, ಅವನು ತನ್ನಿಂದಾದಷ್ಟನ್ನು ಒದಗಿಸಿಕೊಂಡು ಮದ್ದು ಸೇವಿಸಲಿ ಎಂದು ಕನಿಕರದಿಂದ ಸೇರಿಸಿದ್ದಾರೆ. ಬಲ್ಲ ವೈದ್ಯನೊಬ್ಬ, ಹಣೆಯನ್ನು ಆತು ಹಿಡಿಯುವ ಕೈಯೊಂದು: ಇವೆರಡನ್ನು ಮಾತ್ರ ಬಡವನಾಗಲಿ ಬಲ್ಲಿದನಾಗಲಿ ಬಿಡುವಂತಿಲ್ಲ.