ಎರಡು ಬೆಂಕಿ ಕಂಡ ತಟ್ಟೆ

ನೀರಿನ ಬದಿಯಲ್ಲಿ ನಿಂತ ಹೆಂಗಸು, ಅವಳ ತಲೆಗೆ ಕೊಡೆ ಹಿಡಿದ ದಾಸಿ, ಎದುರಿಗೆ ನೀರುಹಕ್ಕಿಗಳು. 1734ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಪಿಂಗಾಣಿಯ ಮೇಲೆ ಬಿಡಿಸಬೇಕಾದ ಚಿತ್ರಗಳನ್ನು ರಚಿಸುವುದಕ್ಕಾಗಿ ಕಲಾವಿದ ಕಾರ್ನೆಲಿಸ್ ಪ್ರಾಂಕ್‌ನನ್ನು ನೇಮಿಸಿಕೊಂಡಿತು. ಅವನು ಬರೆದುಕೊಟ್ಟ ಚಿತ್ರಗಳಲ್ಲಿ ತುಂಬ ಹೆಸರಾದದ್ದು ಇದು. ಚೀನಾದ ಹೆಂಗಸು ಹೀಗಿರಬಹುದೆಂದು ಡಚ್ಚನೊಬ್ಬ ಕಲ್ಪಿಸಿಕೊಂಡದ್ದನ್ನು ಚೀನಾದ ಕುಶಲಕರ್ಮಿಗಳೇ ತಟ್ಟೆಗಿಳಿಸಿ ಯುರೋಪಿಗೆ ಕಳಿಸಿದರು. ಇದೇ ಚಿತ್ರದ ತಟ್ಟೆಗಳು ಕೆಲವು ಬರಿಯ ನೀಲಿಯಲ್ಲಿವೆ, ಕೆಲವು ಗುಲಾಬಿ, ಹಸಿರು, ಹಳದಿಗಳಲ್ಲಿವೆ. ಈ ವ್ಯತ್ಯಾಸದ ಹಿಂದಿರುವುದು ಬೆಂಕಿಯ ಲೆಕ್ಕಾಚಾರ.

ಚೀನಾದ ಜಿಂಗ್‌ಡೆಝೆನ್ ಪಟ್ಟಣದ ಕುಂಬಾರರು ಕೇವೋಲಿನ್ ಎಂಬ ಬಿಳಿ ಜೇಡಿಗೆ ನುಣ್ಣಗೆ ಕುಟ್ಟಿದ ಪಿಂಗಾಣಿ ಕಲ್ಲಿನ ಪುಡಿ ಬೆರೆಸಿ, ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಿದ್ದರು. ಆ ಶಾಖಕ್ಕೆ ಕಲ್ಲಿನ ಅಂಶ ಕರಗಿ ಗಾಜಾಗುತ್ತದೆ, ಜೇಡಿಯಿಂದ ಮುಲ್ಲೈಟ್ ಎಂಬ ಖನಿಜದ ಸೂಕ್ಷ್ಮ ಸೂಜಿಗಳು ಹುಟ್ಟಿ ಗಾಜಿನೊಳಗೆ ಹೆಣೆದುಕೊಳ್ಳುತ್ತವೆ. ತಟ್ಟೆ ತೆಳ್ಳಗಿದ್ದೂ ಗಟ್ಟಿಯಾಗುತ್ತದೆ. ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುತ್ತದೆ. ಆದರೆ ಇಷ್ಟು ಬಿಸಿಯನ್ನು ತಡೆಯುವ ಬಣ್ಣಗಳು ಬೆರಳೆಣಿಕೆಯಷ್ಟು. ಕೊಬಾಲ್ಟ್‌ನ ನೀಲಿ ತಡೆಯುತ್ತದೆ. ಆದ್ದರಿಂದ ಅದನ್ನು ಹಸಿ ತಟ್ಟೆಗೇ ಬಳಿದು, ಮೇಲೆ ಮೆರುಗು ಹಚ್ಚಿ, ಒಂದೇ ಸಲಕ್ಕೆ ಸುಟ್ಟರೆ ಮುಗಿಯಿತು.

ಗುಲಾಬಿಯ ಕಥೆ ಬೇರೆ. ಅದು ಚಿನ್ನದಿಂದ ಬಂದ ಬಣ್ಣ. ಗಾಜಿನಲ್ಲಿ ಚಿನ್ನ ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಕೆಲವು ಹತ್ತು ಪಾಲುಗಳಷ್ಟು ಚಿಕ್ಕ ಕಣಗಳಾಗಿ ಹರಡಿದಾಗ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮಗೆ ಕೆಂಪಾಗಿ ಕಾಣುತ್ತದೆ. ಈ ಗಾಜಿನ ಪುಡಿಗೆ ಬಿಳಿ ಬಣ್ಣ ಬೆರೆಸಿದರೆ ಗುಲಾಬಿ. ಇಂಥ ಬಣ್ಣಗಳನ್ನು ಮೆರುಗಿನ ಮೇಲೆ ಬಳಿದು ಸುಮಾರು 700ರಿಂದ 800 ಡಿಗ್ರಿಯಲ್ಲಿ ಎರಡನೆಯ ಸಲ ಸುಡಬೇಕು.

ಯುರೋಪಿನ ವಿನ್ಯಾಸಗಳಿಗೆ ಬಾಗಿಲು ತೆರೆದದ್ದು ಈ ಎರಡನೆಯ ಬೆಂಕಿಯೇ ಎಂದು ನನಗನ್ನಿಸುತ್ತದೆ. ಕಡಿಮೆ ಶಾಖಕ್ಕೆ ಸಣ್ಣ ಗೂಡು ಸಾಕು, ಅದನ್ನು ಬಂದರಿನ ಪಕ್ಕದಲ್ಲೇ ಕಟ್ಟಬಹುದು. ಜಿಂಗ್‌ಡೆಝೆನ್‌ನಲ್ಲಿ ಸುಟ್ಟ ಬರಿಯ ಬಿಳಿ ತಟ್ಟೆಗಳು ನದಿಯಲ್ಲಿ ದೋಣಿಯೇರಿ, ಮೈಲಿಂಗ್ ಕಣಿವೆದಾರಿಯಲ್ಲಿ ಬೆಟ್ಟ ದಾಟಿ, ಮತ್ತೆ ದೋಣಿಯಲ್ಲಿ ಕ್ಯಾಂಟನ್ ಬಂದರು ಸೇರುತ್ತಿದ್ದವು. ವಿದೇಶಿ ವ್ಯಾಪಾರಿ ತಂದ ವಂಶಲಾಂಛನವನ್ನೋ ಮುದ್ರಿತ ಚಿತ್ರವನ್ನೋ ಅಲ್ಲಿನ ವರ್ಣಚಿತ್ರಕಾರರು ಕಣ್ಣೆದುರಿಗಿಟ್ಟುಕೊಂಡು ನಕಲಿಸುತ್ತಿದ್ದರು. ಬ್ರಿಟನ್ನಿನ ಕುಟುಂಬಗಳಿಗೇ ಹೀಗೆ ಸಾವಿರಾರು ಊಟದ ಸೆಟ್ಟುಗಳು ತಯಾರಾದವು.

ನನಗೆ ಎಲ್ಲಕ್ಕಿಂತ ಅಚ್ಚರಿ ತರುವುದು ಕಪ್ಪು ಗೆರೆಯಲ್ಲಿ ಬರೆದ ಬೈಬಲ್ ಪ್ರಸಂಗಗಳು. ತಾಮ್ರದ ತಗಡಿನಿಂದ ಅಚ್ಚು ಹಾಕಿದ ಯುರೋಪಿನ ಚಿತ್ರಗಳಲ್ಲಿ ನೆರಳು ಎಂದರೆ ಒತ್ತೊತ್ತಾಗಿ ಕೊರೆದ ಗೆರೆಗಳು. ಚೀನಾದ ಕಲಾವಿದ ಅದೇ ಗೆರೆಗಳನ್ನು ಕೂದಲೆಳೆಯಂಥ ಕುಂಚದಿಂದ, ನುಣುಪಾದ ತಟ್ಟೆಯ ಮೇಲೆ ಒಂದೊಂದಾಗಿ ಎಳೆದ. ಅಂಥ ಕಲಾವಿದರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ದಾಖಲಾಗಿಲ್ಲ ಎಂಬುದು ದುಃಖದ ಸಂಗತಿ.

ಎರಡನೆಯ ಬೆಂಕಿಯ ಬಣ್ಣಗಳಿಗೊಂದು ದೌರ್ಬಲ್ಯವಿದೆ. ಸೀಸ ಬೆರೆತ ಈ ಮೆದು ಗಾಜು ಮೆರುಗಿನ ಹೊರಗೇ ಕೂತಿರುವುದರಿಂದ ಚಾಕುವಿನ ಗೀರು ನೇರ ಅದಕ್ಕೇ ತಗಲುತ್ತದೆ. 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸೆನ್‌ನ ಸರಕನ್ನು 1985ರಲ್ಲಿ ಮೇಲೆತ್ತಿದಾಗ, ಮೆರುಗಿನ ಮೇಲೆ ಬಳಿದಿದ್ದ ಬಣ್ಣಗಳನ್ನು ಉಪ್ಪುನೀರು ತಿಂದುಹಾಕಿತ್ತು. ಮೆರುಗಿನ ಕೆಳಗಿದ್ದ ಕೊಬಾಲ್ಟ್ ನೀಲಿ ಮಾತ್ರ ಮಾಸಿರಲಿಲ್ಲ.