ನಿದ್ರೆಯ ಮಾತ್ರೆ ಮತ್ತು ಪುರುಷನ ಸಂತಾನಶಕ್ತಿ

ಮದುವೆಯಾಗಿ ವರ್ಷ ಕಳೆದರೂ ಗರ್ಭ ನಿಲ್ಲದಿದ್ದಲ್ಲಿ ಪತ್ನಿಯನ್ನೇ ದೂರುವ ರೂಢಿ ನಮ್ಮಲ್ಲಿ ಇಂದಿಗೂ ಉಂಟು. ಇದು ಸರಿಯಲ್ಲ. ಸಂತಾನಹೀನತೆಯ ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಪುರುಷನ ದೋಷವೂ ಸೇರಿರುತ್ತದೆ. ವೀರ್ಯಾಣುಗಳು ಕುಂದಲು ಕಾರಣಗಳು ಹಲವು. ವೈದ್ಯರನ್ನು ಕೇಳದೆ ನುಂಗುವ ನಿದ್ರೆಯ ಮಾತ್ರೆಯ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ.

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ, ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಅನೇಕರು ದುಡಿಮೆಗಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ನಸುಕಿನಲ್ಲಿ ಹೊರಟು ರಾತ್ರಿ ಮರಳುವವರಿಗೂ ರಾತ್ರಿ ಪಾಳಿಯವರಿಗೂ ನಿದ್ರೆ ಕೆಡುವುದು ಸಹಜ. ಹಾಗೆಂದು ಬೇರೊಬ್ಬರಿಗೆ ಬರೆದುಕೊಟ್ಟ ಡಯಾಜೆಪಾಮ್, ಆಲ್‌ಪ್ರಜೋಲಾಮ್ ಮುಂತಾದ ಮಾತ್ರೆಗಳನ್ನು ತಾವೂ ಸೇವಿಸಕೂಡದು.

ವೃಷಣಗಳು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೇರಣೆಯಿಂದ ಕೆಲಸ ಮಾಡುತ್ತವೆ. ಗಂಡು ಇಲಿಗಳಿಗೆ ಹಲವು ವಾರ ಡಯಾಜೆಪಾಮ್ ಕೊಟ್ಟು ನಡೆಸಿದ ಕೆಲವು ಪ್ರಯೋಗಗಳಲ್ಲಿ ವೀರ್ಯಾಣುಗಳ ಸಂಖ್ಯೆ ಮತ್ತು ಚಲನೆ ತಗ್ಗಿದುದು ಕಂಡುಬಂದಿದೆ. ಆದರೆ ಇಲಿಯ ದೇಹವೂ ಅದಕ್ಕೆ ಕೊಟ್ಟ ಪ್ರಮಾಣವೂ ಬೇರೆ. ಮನುಷ್ಯನಿಗೂ ಅಷ್ಟೇ ಹಾನಿಯಾಗುವುದೆಂದು ಇದರಿಂದ ಹೇಳಲಾಗದು. ಎಚ್ಚರಿಕೆಗೆ ಮಾತ್ರ ಇದು ಸಾಕು. ನಿದ್ರೆಯ ಮಾತ್ರೆಯು ಗರ್ಭನಿರೋಧದ ಸಾಧನವೆಂದು ಯಾರೂ ಭಾವಿಸಬಾರದು.

ಬಿತ್ತಿದ ರಾಗಿ ಕೊಯ್ಲಿಗೆ ಬರಲು ತಿಂಗಳುಗಳು ಬೇಕಾಗುವಂತೆ, ವೀರ್ಯಾಣು ರೂಪುಗೊಳ್ಳಲು 70 ದಿನಗಳಿಗಿಂತ ಹೆಚ್ಚು, ಪಕ್ವವಾಗಲು ಮತ್ತೆ ಕೆಲವು ದಿನಗಳು ಬೇಕು. ಆದಕಾರಣ ಔಷಧಿ ಬದಲಾಯಿಸಿದ ಫಲ ತಿಳಿಯಲು ಸುಮಾರು 3 ತಿಂಗಳು ಕಾಯಬೇಕು. ಅಷ್ಟರೊಳಗೆ ನಿರಾಶರಾಗುವುದು ಬೇಡ.

ದೀರ್ಘಕಾಲದಿಂದ ಈ ಮಾತ್ರೆಗಳನ್ನು ಸೇವಿಸುತ್ತಿರುವವರು ಥಟ್ಟನೆ ನಿಲ್ಲಿಸಬಾರದು, ಸೆಳವು ಬರಬಹುದು. ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್ ಪಡೆಯುವವರಂತೂ ವೈದ್ಯರ ಸಲಹೆಯಿಲ್ಲದೆ ಒಂದು ದಿನವೂ ಬಿಡಕೂಡದು. ನಿದ್ರೆಯ ಮಾತ್ರೆಯೊಡನೆ ಮದ್ಯ ಸೇರಿದರೆ ಉಸಿರೇ ನಿಲ್ಲುವ ಅಪಾಯವುಂಟು.

ಒಂದು ವರ್ಷ ಜೊತೆಯಲ್ಲಿ ಬಾಳಿಯೂ ಗರ್ಭಧಾರಣೆಯಾಗದಿದ್ದರೆ ಪತಿಪತ್ನಿಯರಿಬ್ಬರೂ ಕೂಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಪತ್ನಿಯ ವಯಸ್ಸು 35 ದಾಟಿದ್ದರೆ 6 ತಿಂಗಳಿಗೇ ಬರುವುದು ಲೇಸು. ಸೇವಿಸುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ತನ್ನಿರಿ. ವೀರ್ಯಪರೀಕ್ಷೆ ನೋವಿಲ್ಲದ, ಸುಲಭವಾದ ಪರೀಕ್ಷೆ. ಅದಕ್ಕೆ ಮುನ್ನ 2ರಿಂದ 7 ದಿನ ಸಂಯಮದಿಂದಿದ್ದರಾಯಿತು. ಪರೀಕ್ಷೆಗೆ ಒಳಗಾಗುವುದರಿಂದ ಗಂಡಸುತನಕ್ಕೆ ಕುಂದಿಲ್ಲ. ಕಾರಣ ತಿಳಿದರೆ ಚಿಕಿತ್ಸೆಗೆ ದಾರಿಯಾಗುತ್ತದೆ; ನಿರಪರಾಧಿಯಾದ ಹೆಣ್ಣುಮಗಳ ಮೇಲಿನ ಅಪವಾದವೂ ತಪ್ಪುತ್ತದೆ.