ಹೈಬ್ರಿಡ್ ಕಾರು: ಪರಿಸರದ ಜಮಾ-ಖರ್ಚು

ಹೈಬ್ರಿಡ್ ಕಾರು ಪರಿಸರಸ್ನೇಹಿ ಎಂಬ ಪ್ರಚಾರವೂ, ಅದರ ಬ್ಯಾಟರಿಯೇ ಪರಿಸರಕ್ಕೆ ಮಾರಕವೆಂಬ ಪ್ರತಿವಾದವೂ ಒಟ್ಟೊಟ್ಟಿಗೆ ಕೇಳಿಬರುತ್ತವೆ. ವಾಹನ ಕೊಳ್ಳಬಯಸುವ ಉದ್ಯಮಿಯು ಇವೆರಡನ್ನೂ ಲೆಕ್ಕಪತ್ರದ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

ಟೊಯೋಟಾ ಸಂಸ್ಥೆಯು 1997ರಲ್ಲಿ ಜಪಾನಿನಲ್ಲಿ ‘ಪ್ರಿಯಸ್’ ಕಾರನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕದ ಬಿಡದಿಯಲ್ಲಿ 2013ರಿಂದ ಹೈಬ್ರಿಡ್ ‘ಕ್ಯಾಮ್ರಿ’ಯ ಜೋಡಣೆ ಆರಂಭವಾಯಿತು. ಇಂತಹ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರು ಇರುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದಂಶವು ವಿದ್ಯುತ್ತಾಗಿ ಬ್ಯಾಟರಿಯನ್ನು ಸೇರುತ್ತದೆ. ಆದುದರಿಂದ ಪದೇ ಪದೇ ನಿಂತು ಸಾಗುವ ನಗರ ಸಂಚಾರದಲ್ಲಿ ಉಳಿತಾಯ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ.

ಖರ್ಚಿನ ಬಾಬ್ತನ್ನೂ ಮರೆಯುವಂತಿಲ್ಲ. ಬ್ಯಾಟರಿ ಮತ್ತು ಮೋಟಾರಿಗೆ ಬೇಕಾದ ನಿಕಲ್, ತಾಮ್ರ ಮೊದಲಾದ ಲೋಹಗಳ ಗಣಿಗಾರಿಕೆ ಹಾಗೂ ಶುದ್ಧೀಕರಣದಿಂದ ಮಾಲಿನ್ಯ ಉಂಟಾಗುತ್ತದೆ. ಇದು ಬಂಡವಾಳ ವೆಚ್ಚವಿದ್ದಂತೆ; ಕಾರು ರಸ್ತೆಗಿಳಿಯುವ ಮೊದಲೇ ತಗಲುತ್ತದೆ.

ಈ ವೆಚ್ಚವನ್ನು ಎಷ್ಟು ಕಿಲೋಮೀಟರಿಗೆ ಹಂಚಬೇಕು ಎಂಬುದೇ ಮುಖ್ಯ ಪ್ರಶ್ನೆ. ಅಮೆರಿಕದ ಸಿಎನ್‌ಡಬ್ಲ್ಯೂ ಸಂಸ್ಥೆಯ 2006ರ ವರದಿಯು ಪ್ರಿಯಸ್‌ಗಿಂತ ಭಾರಿ ಗಾತ್ರದ ‘ಹಮ್ಮರ್’ ವಾಹನವೇ ಮಿತವ್ಯಯಿ ಎಂದು ಸಾರಿತ್ತು. ಆದರೆ ಅದು ಪ್ರಿಯಸ್‌ನ ಆಯುಷ್ಯವನ್ನು 1.09 ಲಕ್ಷ ಮೈಲಿ, ಹಮ್ಮರ್ ಎಚ್-1ರದನ್ನು 3.79 ಲಕ್ಷ ಮೈಲಿ ಎಂದು ಭಾವಿಸಿತ್ತು. ಯಂತ್ರದ ಆಯುಷ್ಯವನ್ನು ತಪ್ಪಾಗಿ ಹಿಡಿದರೆ ಸವಕಳಿಯ ಲೆಕ್ಕವೇ ಬುಡಮೇಲಾಗುವುದೆಂಬುದನ್ನು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸಾಧಾರಣ ಕಾರು ಲೀಟರಿಗೆ 15 ಕಿ.ಮೀ., ಹೈಬ್ರಿಡ್ 20 ಕಿ.ಮೀ. ಓಡುವುದೆಂದು ಭಾವಿಸಿದರೆ, 10,000 ಕಿಲೋಮೀಟರಿಗೆ ಸುಮಾರು 167 ಲೀಟರ್ ಇಂಧನ, ಅಂದರೆ 380 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ತಯಾರಿಕೆಯ ಹೆಚ್ಚುವರಿ ಹೊರೆಯನ್ನು ಒಂದು ಟನ್ ಎಂದಿಟ್ಟುಕೊಂಡರೂ ಸುಮಾರು 26,000 ಕಿಲೋಮೀಟರಿಗೆ ಅದು ತೀರುತ್ತದೆ. ವರ್ಷಕ್ಕೆ 25,000 ಕಿ.ಮೀ. ಓಡುವ ವಾಹನಕ್ಕೆ ಇದು ಒಂದು ವರ್ಷದ ಮಾತು, 5,000 ಕಿ.ಮೀ. ಮಾತ್ರ ಓಡುವುದಕ್ಕೆ ಐದು ವರ್ಷ ಮೀರುತ್ತದೆ.

ಹಳೆಯ ಬ್ಯಾಟರಿಯ ವಿಲೇವಾರಿ ಇನ್ನೊಂದು ಬಾಬ್ತು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಸಂಗ್ರಹಣೆ ಹಾಗೂ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಆದುದರಿಂದ ಅದನ್ನು ಗುಜರಿಗೆ ಹಾಕದೆ ಅಧಿಕೃತ ಮಾರ್ಗದಲ್ಲಿಯೇ ಹಿಂದಿರುಗಿಸಬೇಕು.

ಒಟ್ಟಿನಲ್ಲಿ, ನಗರದೊಳಗೆ ದಿನವಿಡೀ ಓಡುವ ವಾಹನಕ್ಕೆ ಹೈಬ್ರಿಡ್ ಲಾಭದಾಯಕ. ಅಪರೂಪಕ್ಕೆ ಹೊರಬರುವ ಕಾರಿನ ಬದಲಿಗೆ ಹೊಸದನ್ನು ಕೊಳ್ಳುವುದಕ್ಕಿಂತ ಇರುವುದನ್ನೇ ಸುಸ್ಥಿತಿಯಲ್ಲಿಟ್ಟುಕೊಳ್ಳುವುದು ಪರಿಸರಕ್ಕೂ ಲೇಸು, ಬಂಡವಾಳಕ್ಕೂ ಲೇಸು.